ವಿಷ್ಣುಕ್ರಾಂತಿಯ ಹುಳ

ಅವರ ಅಂಗಿಯ ಜೇಬಿನಲ್ಲಿ ಪೆನ್ನಿನ ಪಕ್ಕ ಯಾವಾಗಲೂ ಒಂದು ಖಾಲಿ ಇಂಜೆಕ್ಷನ್ ಸೀಸೆ ಇರುತ್ತಿತ್ತು. ಆಸ್ಪತ್ರೆಯವರು ಔಷಧಿ ತೆಗೆದುಕೊಂಡು ಎಸೆಯುವ, ರಬ್ಬರ್ ಬಿರಡೆಯ ಪುಟ್ಟ ಗಾಜಿನ ಸೀಸೆ. ಬಿರಡೆಗೆ ಸೂಜಿಯಿಂದ ಗಾಳಿತೂತು ಮಾಡಿರುತ್ತಿದ್ದರು. ಕೆಲವು ದಿನ ಅದರೊಳಗೆ ಒಂದು ಎಲೆ, ಎಲೆಯ ಮೇಲೆ ಒಂದು ಹುಳ ಇರುತ್ತಿತ್ತು. ಹೆಚ್ಚಿನ ದಿನ ಏನೂ ಇರುತ್ತಿರಲಿಲ್ಲ. ಅವರು ತೀರಿಕೊಂಡ ಬೆಳಿಗ್ಗೆ ಗೋಡೆಯ ಮೊಳೆಗೆ ತೂಗುಹಾಕಿದ್ದ ಅಂಗಿಯಲ್ಲೂ ಸೀಸೆ ಇತ್ತಂತೆ. ಖಾಲಿ ಇತ್ತು ಎಂದು ಅವರ ಹೆಂಡತಿ ಆಮೇಲೆ ನನಗೆ ಹೇಳಿದರು.

ಅವರ ಬಗ್ಗೆ ಬರೆಯಬೇಕೆಂದು ಕೂತು ಹಲವು ಸಲ ಎದ್ದುಹೋಗಿದ್ದೇನೆ. ಕಂಡದ್ದನ್ನು ಮಾತ್ರ ಬರೀರಿ, ಕೇಳಿದ್ದಾದರೆ ಕೇಳಿದ್ದು ಅಂತ ಬರೀರಿ ಎಂದು ಮಕ್ಕಳಿಗೆ ಹೇಳುತ್ತಿದ್ದವರು ಅವರು. ಆ ಕಟ್ಟಿನೊಳಗೇ ಇದನ್ನು ಬರೆಯಲು ನೋಡುತ್ತೇನೆ.

ತೊಂಬತ್ತರ ದಶಕದ ನಡುವಿನಲ್ಲಿ ನಾನು ಸಸ್ಯಶಾಸ್ತ್ರ ಕಲಿಸಲು ಚಳ್ಳಕೆರೆಯ ಕಾಲೇಜಿಗೆ ಬಂದೆ. ಅವರು ಅಲ್ಲಿ ಆಗಲೇ ಪ್ರಾಣಿಶಾಸ್ತ್ರದ ಮೇಷ್ಟ್ರು. ಎರಡು ವಿಭಾಗಕ್ಕೂ ಸೇರಿ ಇದ್ದದ್ದು ಒಂದೇ ಪ್ರಯೋಗಶಾಲೆ, ನಡುವೆ ಒಂದೇ ಉದ್ದನೆಯ ಮೇಜು. ಮೇಜಿನ ಕಿಟಕಿಯ ಕಡೆ ನನ್ನ ಗಿಡಗಳು, ಬಾಗಿಲ ಕಡೆ ಅವರ ಹುಳಗಳು. ಅವರ ಮನೆ ಮೊಳಕಾಲ್ಮೂರಿನಲ್ಲಿ. ದಿನವೂ ಬಳ್ಳಾರಿ ರಸ್ತೆಯ ಬಸ್ಸಿಗೆ ಬಂದು, ಸಂಜೆ ಅದೇ ದಾರಿಯ ಬಸ್ಸಿಗೆ ಹೋಗುತ್ತಿದ್ದರು. ಹುಡುಗರು ಅವರನ್ನು ಹುಳದ ಮೇಷ್ಟ್ರು ಎನ್ನುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಹಳೆಯ ವಿದ್ಯಾರ್ಥಿ ಇವರ ಹೆಸರು ಮರೆತು ತಡವರಿಸಿದಾಗ ತಾವೇ ಮುಂದೆ ಬಂದು, ಹುಳದ ಮೇಷ್ಟ್ರು ಕಣಪ್ಪಾ, ಎಂದು ನೆನಪಿಸಿದ್ದನ್ನು ನಾನು ನೋಡಿದ್ದೇನೆ.

ನನ್ನ ಜೊತೆ ಅವರು ಮೊದಲು ಆಡಿದ ಮಾತು ಒಂದು ಗಿಡದ ಬಗ್ಗೆ. ಒಂದು ಎಳೆಯ ಕಡ್ಡಿಯನ್ನು ಮೇಜಿನ ಮೇಲಿಟ್ಟು, ಇದು ವಿಷ್ಣುಕ್ರಾಂತಿಯೇ ಹೌದಾ ಎಂದು ಕೇಳಿದರು. ನನಗೆ ನಗು ಬಂತು. ಬಯಲುಸೀಮೆಯ ಗೊರಜುಕಲ್ಲಿನ ನೆಲದಲ್ಲಿ ಮಳೆ ಬಿದ್ದ ವಾರಕ್ಕೆ ನೀಲಿ ಬೊಟ್ಟಿಟ್ಟ ಹಾಗೆ ಹೂ ಬಿಡುವ ಈ ಗಿಡವನ್ನು ಕುರಿ ಕಾಯುವ ಮಕ್ಕಳೂ ಬಲ್ಲರು. ಅವರು ನಗಲಿಲ್ಲ.

"ಗೊತ್ತಿರೋದು ಬೇರೆ ಮೇಡಂ, ಗುರುತು ಹಿಡಿಯೋದು ಬೇರೆ. ನನಗೆ ಗೊತ್ತೈತೆ. ನೀವು ಗುರುತು ಹಿಡೀರಿ."

ಮಸೂರ ತೆಗೆದು ಹೂವನ್ನು ಬಿಡಿಸಿದೆ. ಹೂವಿನ ನಡುವೆ ಶಲಾಕೆ ಎರಡು, ಒಂದೊಂದೂ ತುದಿಯಲ್ಲಿ ಮತ್ತೆ ಸೀಳಿದೆ. ಎಲೆಯ ಎರಡೂ ಬದಿಗೆ ರೇಷ್ಮೆಯಂಥ ಕೂದಲು. ವಿಷ್ಣುಕ್ರಾಂತಿಯೇ, ಎಂದೆ. ಅವರು ತಲೆಯಾಡಿಸಿ, ಆಮೇಲಷ್ಟೇ ಜೇಬಿನ ಸೀಸೆಯನ್ನು ತೆಗೆದು ನನ್ನ ಕೈಗೆ ಕೊಟ್ಟರು.

ಸೀಸೆಯ ಒಳಗೆ ಎಲೆಗೆ ಅಂಟಿಕೊಂಡು ಒಂದು ಹನಿ ಚಿನ್ನ ಕೂತಿತ್ತು. ಜೋಳದ ಕಾಳಿಗಿಂತ ತುಸು ಕಿರಿದು. ಆಮೆಯ ಚಿಪ್ಪಿನ ಹಾಗೆ ಸುತ್ತಲೂ ಚಾಚಿದ ಅಂಚು, ಅಂಚು ಗಾಜಿನಂತೆ ತಿಳಿ. ತಲೆ, ಕಾಲು ಎಲ್ಲ ಅದರಡಿಗೆ. ಬೆನ್ನಿನ ನಡುಭಾಗ ಮಾತ್ರ ಆಗಷ್ಟೇ ಬಿಚ್ಚಿದ ಜರಿಯ ಬಣ್ಣ. ಎಲೆ ತಿಂದು ಬದುಕುವ ಜೀರುಂಡೆಗಳ ದೊಡ್ಡ ಬಳಗದಲ್ಲಿ ಇದು ಆಮೆಹುಳಗಳ ಮನೆತನಕ್ಕೆ ಸೇರಿದ್ದು ಎಂದರು. ನಾನು ಬಣ್ಣವನ್ನೇ ನೋಡುತ್ತಿದ್ದುದು ಅವರಿಗೆ ಕಂಡಿತು.

"ಬಣ್ಣ ನಂಬಬೇಡ್ರಿ. ಚಿಪ್ಪಿನ ಪದರದಾಗೆ ನೀರಿನ ಪಸೆ ಇರೋ ತನಕ ಈ ಬಣ್ಣ. ಸತ್ತು ಒಣಗಿದ್ರೆ ಬರೀ ಕಂದು. ನಮ್ಮ ಲೆಕ್ಕಕ್ಕೆ ಬರೋದು ಉಳಿಯೋದು ಮಾತ್ರ."

ಆ ಹುಳಕ್ಕೆ ಹೆಸರಿರಲಿಲ್ಲ. ಅಥವಾ, ಅವರ ಹಾಗೆ ಹೇಳುವುದಾದರೆ, ಅದರ ಹೆಸರು ಅವರಿಗೆ ಕಂಡಿರಲಿಲ್ಲ. ಅವರ ಬಳಿ ಹಳೆಯ ಪುಸ್ತಕವೊಂದರ ಜೆರಾಕ್ಸ್ ಪ್ರತಿ ಇತ್ತು. ಗುರುತು ಹಿಡಿಯುವ ದಾರಿ ಅದರಲ್ಲಿ ಕವಲು ಕವಲಾಗಿ ಇರುತ್ತದೆ. ಪ್ರತಿ ಹೆಜ್ಜೆಗೂ ಎರಡು ಮಾತು: ಮೀಸೆಯ ಗಣ್ಣು ಹೀಗಿದ್ದರೆ ಈ ಹೆಜ್ಜೆಗೆ ಹೋಗು, ಹಾಗಿದ್ದರೆ ಆ ಹೆಜ್ಜೆಗೆ ಹೋಗು, ಉಗುರಿಗೆ ಹಲ್ಲಿದ್ದರೆ ಇತ್ತ, ಇಲ್ಲದಿದ್ದರೆ ಅತ್ತ, ರೆಕ್ಕೆಚಿಪ್ಪಿನ ಚುಕ್ಕೆಕುಳಿಗಳು ಸಾಲಾಗಿದ್ದರೆ ಹೀಗೆ, ಚೆಲ್ಲಾಪಿಲ್ಲಿಯಾಗಿದ್ದರೆ ಹಾಗೆ. ಈ ಹುಳ ಆ ದಾರಿಯಲ್ಲಿ ಬಹಳ ದೂರ ನಡೆದು, ಒಂದು ಕವಲಿನ ಮುಂದೆ ನಿಂತುಬಿಡುತ್ತಿತ್ತು. ಅಲ್ಲಿಯ ಎರಡು ಮಾತಿಗೂ ಅದು ಒಪ್ಪುತ್ತಿರಲಿಲ್ಲ.

ಅವರು ಪ್ರತಿ ಮಳೆಗಾಲವೂ ಹೊಸ ಹುಳ ತಂದು, ಏನೂ ಗೊತ್ತಿಲ್ಲದವರಂತೆ ಮೊದಲ ಹೆಜ್ಜೆಯಿಂದ ಶುರುಮಾಡುತ್ತಿದ್ದರು. ಒಂದು ವರ್ಷ ನನ್ನಿಂದ ಮಾಡಿಸಿದರು. ತಾವು ಮುಖ ತಿರುಗಿಸಿ ಉತ್ತರಪತ್ರಿಕೆ ತಿದ್ದುತ್ತ ಕೂತರು. ನಾನೂ ಅದೇ ಕವಲಿಗೆ ಬಂದು ನಿಂತೆ. ಮುಂದೆ ದಾರಿಯಿಲ್ಲ ಸಾರ್, ಎಂದೆ. ಅವತ್ತು ಸಂಜೆ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ನನಗೆ ಮಂಡಕ್ಕಿ, ಮೆಣಸಿನಕಾಯಿ ಕೊಡಿಸಿದರು. ಅವರು ಸಂಭ್ರಮ ಪಟ್ಟದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಆಗಲೂ ಹೊಸ ಜಾತಿ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಪುಸ್ತಕದಲ್ಲಿ ಕಾಣಲಿಲ್ಲ, ಅಷ್ಟೇ. ವಿದ್ಯಾರ್ಥಿಗಳು ರೆಕಾರ್ಡಿನಲ್ಲಿ 'ಈ ಲಕ್ಷಣ ಇಲ್ಲ' ಎಂದು ಬರೆದರೆ ಕೆಂಪು ಮಸಿಯಲ್ಲಿ 'ಇಲ್ಲ' ಹೊಡೆದು 'ಕಾಣಲಿಲ್ಲ' ಎಂದು ತಿದ್ದುತ್ತಿದ್ದರು. ಇಲ್ಲ ಅನ್ನೋನು ಲೋಕ ಎಲ್ಲಾ ನೋಡಿರಬೇಕು, ನೀನು ನೋಡಿರೋದು ಒಂದು ಗುಡ್ಡ ಎನ್ನುತ್ತಿದ್ದರು.

ಆ ಗುಡ್ಡ ಇರುವುದು ದೇವಸಮುದ್ರದ ಬಸ್ಸಿನ ದಾರಿಯಲ್ಲಿ. ಕರಿಬಂಡೆ, ಗೊರಜು, ಬಾದೆ ಹುಲ್ಲು, ನಡುನಡುವೆ ನೆಲಕ್ಕಂಟಿದ ವಿಷ್ಣುಕ್ರಾಂತಿ. ಸುತ್ತಲಿನ ಬೇರೆ ಎಷ್ಟೋ ಕಡೆ, ಕುದಾಪುರದ ಹುಲ್ಲುಗಾವಲಿನಲ್ಲಿಯೂ, ಇದೇ ಗಿಡವನ್ನು ಅವರು ಮಗುಚಿ ನೋಡಿದ್ದರು. ಹುಳ ಕಂಡದ್ದು ಈ ಒಂದು ಇಳಿಜಾರಿನಲ್ಲಿ, ಅದೂ ಮಳೆ ಬಿದ್ದ ಮೇಲಿನ ಕೆಲವೇ ವಾರ. ನಾನು ಎರಡು ಮೂರು ಸಲ ಜೊತೆಗೆ ಹೋಗಿದ್ದೆ. ಮೊಣಕಾಲೂರಿ, ಒಂದೊಂದೇ ಎಲೆಯನ್ನು ಬೆರಳ ತುದಿಯಿಂದ ತಿರುವುತ್ತ ಇಡೀ ಇಳಿಜಾರನ್ನು ತೆವಳುತ್ತಿದ್ದರು. ಅಲ್ಲಿ ಕುರಿ ಕಾಯುವ ಮುದುಕನೊಬ್ಬನಿಗೆ ಇದು ವರ್ಷ ವರ್ಷದ ತಮಾಷೆ.

"ಏನ್ ಸಾ, ಹೋದ ವರ್ಷ ಬಿದ್ದಿದ್ದು ಇನ್ನೂ ಸಿಗ್ಲಿಲ್ವಾ?"

"ಹುಡುಕ್ತಾ ಇದೀನಪ್ಪಾ."

"ಹುಳಾನೇ ಬೇಕು ಅಂದ್ರೆ ನಮ್ ಕುರಿ ಮೈಮ್ಯಾಲೆ ಬೇಕಾದಂಗೆ ಐತೆ. ಬಂದು ಆರಿಸ್ಕ ಬಾ."

ಒಮ್ಮೆ ಅವನನ್ನು ಹತ್ತಿರ ಕರೆದು ಎಲೆಯಡಿಯ ಮರಿಹುಳವನ್ನು ತೋರಿಸಿದರು. ಈ ಹುಳದ ಮರಿ ತನ್ನ ಹಿಕ್ಕೆಯನ್ನೂ ಕಳಚಿದ ಪೊರೆಯನ್ನೂ ಬಾಲದ ಕವೆಗೆ ಸಿಕ್ಕಿಸಿ, ಕೊಡೆಯಂತೆ ಬೆನ್ನ ಮೇಲೆ ಹಿಡಿದುಕೊಂಡೇ ತಿರುಗುತ್ತದೆ. ಇರುವೆ ಬಂದರೆ ಕೊಡೆಯನ್ನು ಆ ಕಡೆಗೆ ವಾಲಿಸುತ್ತದೆ. ಮುದುಕ ಬಹಳ ಹೊತ್ತು ನೋಡಿದ. ನಮ್ಮ ಅಳಿಯನಿಗಿಂತ ವಾಸಿ, ತನ್ನದು ತಾನೇ ಹೊತ್ಕಂತೈತೆ, ಎಂದು ಹೇಳಿ ಎದ್ದುಹೋದ.

ಹುಳವನ್ನು ಕೊಲ್ಲುವ ಮುಂಚೆ ಅವರು ಚಪ್ಪಲಿ ಬಿಡುತ್ತಿದ್ದರು. ಪ್ರಯೋಗಶಾಲೆಯಲ್ಲಿ ಔಷಧಿಯ ಹತ್ತಿಯಿದ್ದ ಬಾಟಲಿಗೆ ಹುಳವನ್ನು ಜಾರಿಸುವ ಮೊದಲು ಎರಡೂ ಚಪ್ಪಲಿಯನ್ನು ಮೇಜಿನ ಕೆಳಗೆ ಜೋಡಿಸಿಟ್ಟು, ಬರಿಗಾಲಲ್ಲಿ ನಿಂತು, ಹುಳ ಅಲುಗಾಡುವುದು ನಿಲ್ಲುವ ತನಕ ಹಾಗೇ ಇರುತ್ತಿದ್ದರು. ನಾನು ಕೇಳಿದ್ದಕ್ಕೆ, ಮನೆಯಲ್ಲಿ ಮಗ್ಗದ ಗುಣಿಗೆ ಇಳಿಯುವ ಮುಂಚೆ ಬಿಡುತ್ತೇವಲ್ಲ, ಆ ಅಭ್ಯಾಸ ಇರಬೇಕು ಎಂದರು. ಸ್ವಲ್ಪ ಹೊತ್ತಿನ ಮೇಲೆ, ರೇಷ್ಮೆಯವರ ಮನೇಲಿ ಹುಟ್ಟಿದೋರಿಗೆ ಹುಳ ಕೊಂದಿದ್ದು ಹೊಸದಲ್ಲ ಬಿಡ್ರಿ, ಎಂದು ಸೇರಿಸಿದರು.

ಇಷ್ಟು ಚಿಕ್ಕ ಹುಳವನ್ನು ಸೂಜಿಯಿಂದ ಚುಚ್ಚಲು ಬರುವುದಿಲ್ಲ. ದಪ್ಪ ಕಾಗದದ ಮುಮ್ಮೂಲೆ ತುಂಡು ಕತ್ತರಿಸಿ, ಅದರ ಚೂಪು ತುದಿಗೆ ಹುಳವನ್ನು ಅಂಟಿಸಿ, ಕಾಗದಕ್ಕೆ ಸೂಜಿ ಚುಚ್ಚಬೇಕು. ಸೂಜಿಯ ಕೆಳಗೆ ಚೀಟಿ: ಸಿಕ್ಕಿದ ಊರು, ದಿನ, ಗಿಡ, ಹಿಡಿದವರ ಹೆಸರು. ಗಿಡದ ಹೆಸರಿನ ಮುಂದೆ, ಗುರುತು ಹಿಡಿದವರು ಎಂದು ನನ್ನ ಹೆಸರನ್ನೂ ಬರೆಯುತ್ತಿದ್ದರು. ಆ ಕಾಗದವೆಲ್ಲ ಮದುವೆಯ ಆಮಂತ್ರಣ ಪತ್ರಿಕೆಗಳದ್ದು. ಮದುವೆಗೆ ಬರದಿದ್ದರೂ ಪತ್ರಿಕೆ ಮಾತ್ರ ಬಿಡುವುದಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಅವರನ್ನು ಗೇಲಿ ಮಾಡುತ್ತಿದ್ದರು. ಹಾಗಾಗಿ ಆ ಹುಳಗಳ ಹಿಂದೆ ಹೊಳೆಯುವ ಅಕ್ಷರಗಳ ತುಂಡುಗಳಿರುತ್ತಿದ್ದವು. ಒಂದರ ಮೇಲೆ 'ಸುಮುಹೂ' ಎಂದಿದ್ದದ್ದು ನನಗೆ ನೆನಪಿದೆ.

ಅವರ ಹೆಂಡತಿಯನ್ನು ನಾನು ಅಕ್ಕ ಎಂದೇ ಕರೆಯುತ್ತೇನೆ. ಮೊಳಕಾಲ್ಮೂರಿನ ಆ ಮನೆಯಲ್ಲಿ ಬಾಗಿಲು ದಾಟಿದರೆ ಮಗ್ಗ, ಅದರಾಚೆ ಒಂದು ಕೋಣೆ, ಅದರಾಚೆ ಅಡುಗೆಮನೆ. ಮಕ್ಕಳಿರಲಿಲ್ಲ. ಅಕ್ಕ ಮಗ್ಗದ ಗುಣಿಯಲ್ಲಿ ಕೂತರೆ ಮಧ್ಯಾಹ್ನದ ಊಟಕ್ಕೇ ಏಳುವುದು. ತೌರುಮನೆಯ ಮಾತು ತೆಲುಗು. ಏನಾದರೂ ಕೈತಪ್ಪಿದರೆ, ಹೋಗಲಿ ಬಿಡು ಎನ್ನುವುದಕ್ಕೆ 'ಪೋನೀ' ಎನ್ನುತ್ತಾರೆ. ನೂಲು ಕಡಿದರೆ ಪೋನೀ, ಹಾಲು ಉಕ್ಕಿದರೆ ಪೋನೀ.

ನಾನು ಮೊದಲು ಹೋದ ದಿನ ಅವರು ಜೇಬಿನ ಸೀಸೆಯನ್ನು ತೆಗೆದು, ಬದುಕಿದ್ದ ಹುಳವನ್ನು ಮಗ್ಗದ ಮೇಲಿನ ಸೆರಗಿನ ಜರಿಯ ಪಕ್ಕ ಹಿಡಿದರು. ಅಕ್ಕ ಎರಡನ್ನೂ ನೋಡಿ, ನಮ್ಮ ಜರಿ ಸೋತಿತು ಎಂದರು. ಆಮೇಲೆ, ಇದಕ್ಕೆ ಏನು ಹೆಸರು ಇಡ್ತೀರಿ ಎಂದು ಕೇಳಿದರು. ಹೆಸರು ಕೊನೆಗೆ ಎಂದರು ಇವರು. ಗಂಡುಹುಳ ಬೇಕು, ಅದರ ಅಂಗವನ್ನು ಬಿಡಿಸಿ ಹತ್ತಿರದ ಜಾತಿಗಳ ಜೊತೆ ಹೋಲಿಸಬೇಕು, ಮರಿಯಿಂದ ದೊಡ್ಡದಾಗುವ ತನಕ ಸಾಕಿ ನೋಡಬೇಕು, ಒಂದಲ್ಲ ಹತ್ತಾರು ಒಂದೇ ಥರ ಇವೆಯಾ ಎಂದು ನೋಡಬೇಕು. ಎಲ್ಲ ಆದ ಮೇಲೆ ಹೆಸರು. ಅಕ್ಕ ನನ್ನ ಕಡೆ ತಿರುಗಿ, ಇವರು ಹುಳಕ್ಕೆ ನಾಮಕರಣ ಮಾಡೋದ್ರಾಗೆ ಅದಕ್ಕೆ ಮೊಮ್ಮಕ್ಕಳಾಗ್ತಾವೆ ಎಂದರು. ಮೂವರೂ ನಕ್ಕೆವು.

ಮೊದಲ ವರ್ಷಗಳ ಹುಳಗಳನ್ನು ಅವರು ಕಾಲೇಜಿನ ಬೀರುವಿನಲ್ಲೇ ಇಟ್ಟಿದ್ದರು. ಸೂರಿನ ತೇವಕ್ಕೆ ಬೂಷ್ಟು ಹಿಡಿದು, ಇರುವೆ ಮುತ್ತಿ ಹಾಳಾದವು. ಉಳಿದ ಕೆಲವನ್ನು ದೂರದ ಊರಿನಲ್ಲಿದ್ದ ಒಬ್ಬ ತಜ್ಞರಿಗೆ ಅಂಚೆಯಲ್ಲಿ ಕಳಿಸಿದರು. ದಾರಿಯಲ್ಲಿ ಮೀಸೆ, ಕಾಲು ಮುರಿದು, ಹೆಣ್ಣು ಎಂದು ಗುರುತಿಸಬಹುದಾದ ಒಂದೇ ಒಂದು ಒಡಕು ಹುಳ ತಲುಪಿತು. ಈ ಹುಳವನ್ನು ನಾನು ಈವರೆಗೆ ನೋಡಿಲ್ಲ, ಗಂಡನ್ನೂ ಮರಿಯನ್ನೂ ನೀವೇ ಹಿಡಿದುಕೊಂಡು ಬನ್ನಿ ಎಂದು ಆ ತಜ್ಞರು ಉತ್ತರ ಬರೆದರು. ಅಲ್ಲಿಂದ ಇವರು ಹೊಸದಾಗಿ ಶುರುಮಾಡಿದರು. ಗಂಡು, ಹೆಣ್ಣು, ಮರಿಯಿಂದ ಸಾಕಿದವು, ಎಲ್ಲ ಸೇರಿ ಎರಡು ಮರದ ಪೆಟ್ಟಿಗೆ ತುಂಬಿದವು. ಈ ಸಲ ಮನೆಯಲ್ಲಿ, ಆ ಒಳಕೋಣೆಯ ಹಲಗೆಯ ಮೇಲೆ ಇಟ್ಟರು. ತೇವವಿಲ್ಲದ, ಹೊಗೆಯಿಲ್ಲದ ಜಾಗ ಅದೊಂದೇ. ಪೆಟ್ಟಿಗೆಯ ಮೂಲೆಗಳಿಗೆ ನುಸಿಗುಳಿಗೆ ಹಾಕಿದರು. ಅದೇ ಗುಳಿಗೆ ಪಕ್ಕದ ಟ್ರಂಕಿನ ರೇಷ್ಮೆಗೂ. ಒಣಗಿದ ಹುಳವನ್ನು ತಿಂದು ಪುಡಿ ಮಾಡುವ ಹುಳಗಳಿವೆ. ಗುಳಿಗೆಯ ಘಾಟು ಇರುವ ತನಕ ಅವು ಹತ್ತಿರ ಬರುವುದಿಲ್ಲ. ಬೇಸಿಗೆ ರಜೆಗೆ ಪೆಟ್ಟಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ತಜ್ಞರ ಊರಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಮರಿ ಸಾಕಿದ್ದು ಒಂದೇ ಸಲ, ಇನ್ನೊಂದು ಮಳೆ ನೋಡೋಣ ಎಂದು ಅವರೇ ಒಂದು ವರ್ಷ ಮುಂದಕ್ಕೆ ಹಾಕಿದ್ದರು.

ಆ ವರ್ಷ ಅಕ್ಕನಿಗೆ ಉಬ್ಬಸ ಶುರುವಾಯಿತು. ಮಲಗಿದರೆ ಎದೆ ಸಿಳ್ಳೆ ಹಾಕುತ್ತಿತ್ತಂತೆ. ಗೋಡೆಗೆ ಒರಗಿ ಕೂತೇ ನಿದ್ದೆ. ಹೊಗೆ, ದೂಳು, ಘಾಟು ಯಾವುದೂ ಕೂಡದು ಎಂದು ಡಾಕ್ಟರು ಹೇಳಿದರು. ಒಲೆಯ ಬದಲು ಗ್ಯಾಸ್ ತಂದರು. ಟ್ರಂಕನ್ನು ತಮ್ಮನ ಮನೆಗೆ ಕಳಿಸಿದರು. ಮಗ್ಗವನ್ನು ಬಿಡಲು ಅಕ್ಕ ಒಪ್ಪಲಿಲ್ಲ. ಇಷ್ಟಾಗಿಯೂ ಕೋಣೆಯಲ್ಲಿ ಘಾಟು ಉಳಿದಿತ್ತು.

ಒಂದು ದಿನ ಮೇಜಿನ ಆ ಬದಿಯಿಂದ, ಹವಾಮಾನದ ಮಾತಾಡುವಂತೆ, ಪೆಟ್ಟಿಗೆಯ ಗುಳಿಗೆಗಳನ್ನು ತೆಗೆದುಬಿಟ್ಟೆ ಎಂದು ಹೇಳಿದರು. ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ಊರಾಚೆ ಹೂತುಬಂದಿದ್ದರು. ಪೆಟ್ಟಿಗೆಗಳನ್ನು ಗುಳಿಗೆ ಸಮೇತ ನನಗೆ ಕೊಡಿ, ನಮ್ಮ ಮನೆಯಲ್ಲಿಟ್ಟುಕೊಳ್ಳುತ್ತೇನೆ ಎಂದೆ. ನನ್ನ ಮಗಳು ಆಗ ಅಂಬೆಗಾಲಿಡುತ್ತಿದ್ದಳು. ನಾವಿದ್ದದ್ದೂ ಎರಡೇ ಕೋಣೆಯ ಬಾಡಿಗೆ ಮನೆ.

"ನಿಮ್ಮನೇಲಿ ಕೂಸೈತೆ," ಎಂದರು. "ಇವಳಿಗೆ ಆಗದಿದ್ದು ಕೂಸಿಗೆ ಆಗ್ತೈತಾ?"

ಕಾಲೇಜಿನ ಬೀರು ಹಿಂದೆ ಏನು ಮಾಡಿತ್ತೆಂದು ಇಬ್ಬರಿಗೂ ಗೊತ್ತಿತ್ತು. ಪ್ರತಿ ಭಾನುವಾರ ಪೆಟ್ಟಿಗೆ ತೆಗೆದು ನೋಡುತ್ತೇನೆ, ಹುಳ ಬಿದ್ದರೆ ಬಿಸಿಲಿಗಿಡುತ್ತೇನೆ, ಬೇಸಿಗೆ ಏನು ದೂರವಿಲ್ಲ ಎಂದರು. ಕೊನೆಗೆ ಒಂದು ಮಾತು ಕೇಳಿಕೊಂಡರು: ಇದನ್ನು ಮನೆಯಲ್ಲಿ ಹೇಳಬಾರದು. ಅವಳಿಗೆ ಗೊತ್ತಾದರೆ ವಾಪಸು ಹಾಕಿಸುತ್ತಾಳೆ. ನಾನು ಆಗಲಿ ಎಂದೆ.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಚಳಿಗಾಲದಲ್ಲಿ ಅಕ್ಕನ ಉಬ್ಬಸ ಏರಿ, ದಾವಣಗೆರೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಇವರು ರಜೆ ಹಾಕಿ ಮಂಚದ ಪಕ್ಕದಲ್ಲೇ ಉಳಿದರು. ಮೊಳಕಾಲ್ಮೂರಿನ ಮನೆಗೆ ಬೀಗ. ಭಾನುವಾರಗಳು ಹಾಗೇ ಹೋದವು. ಅಕ್ಕ ಬದುಕಿದರು. ಮನೆಗೆ ಕರೆದುಕೊಂಡು ಬಂದಾಗ ಮಾಘದ ಬಿಸಿಲು ಬಿದ್ದಿತ್ತು.

ಮತ್ತೆ ಕಾಲೇಜಿಗೆ ಬಂದ ದಿನ ಅವರ ಕಂಕುಳಲ್ಲಿ ಎರಡೂ ಪೆಟ್ಟಿಗೆಗಳಿದ್ದವು. ಮೇಜಿನ ನಡುವೆ, ನನ್ನ ಗಿಡಗಳೂ ಅವರ ಹುಳಗಳೂ ಸೇರುವ ಜಾಗದಲ್ಲಿಟ್ಟು ಮುಚ್ಚಳ ತೆಗೆದರು. ಸೂಜಿಗಳು ಸಾಲಾಗಿ ನಿಂತಿದ್ದವು. ಪ್ರತಿ ಸೂಜಿಗೂ ಮುಮ್ಮೂಲೆ ಕಾಗದ ಇತ್ತು, ಕಾಗದದ ಕೆಳಗೆ ಚೀಟಿ ಇತ್ತು. ಊರು, ದಿನ, ಗಿಡ, ಅವರ ಹೆಸರು, ನನ್ನ ಹೆಸರು. ಕಾಗದದ ಚೂಪು ತುದಿಯಲ್ಲಿ ಅಂಟಿನ ಕಲೆ ಮಾತ್ರ ಉಳಿದಿತ್ತು. ಪೆಟ್ಟಿಗೆಯ ತಳದಲ್ಲಿ, ಒಂದೊಂದು ಸೂಜಿಯ ಬುಡಕ್ಕೂ, ಕಾಫಿಪುಡಿಯಂಥ ಕಂದು ಪುಡಿಯ ಚಿಕ್ಕ ಚಿಕ್ಕ ಗುಪ್ಪೆ. ಅದರ ನಡುವೆ ಕೂದಲು ಕೂದಲಾದ ಪೊರೆಗಳು.

ಅವರು ಕುರ್ಚಿ ಎಳೆದುಕೊಂಡು ಕೂತು, ಮಸೂರ ತೆಗೆದು ಪುಡಿಯನ್ನು ಬ್ರಷ್ಷಿನಿಂದ ಸರಿಸುತ್ತ ಹೋದರು. ಯಾವುದಾದರೂ ತುಂಡು ಉಳಿದಿದೆಯಾ ಎಂದು ನೋಡುತ್ತಿದ್ದಾರೆ ಎಂದುಕೊಂಡೆ. ಕೊನೆಗೆ ಚಿಮುಟದ ತುದಿಯಲ್ಲಿ ಒಂದು ಚಿಕ್ಕ ಕಂದುಹುಳವನ್ನು ಎತ್ತಿದರು. ಜೀವಂತ ಇತ್ತು. ಎಲೆ ತಿನ್ನುವ ಹುಳಗಳ ಜೆರಾಕ್ಸ್ ಪುಸ್ತಕ ಅದಕ್ಕೆ ಬಾರದು. ಕಪಾಟಿನಿಂದ ಬೇರೊಂದನ್ನು ತೆಗೆದು, ಮೊದಲ ಹೆಜ್ಜೆಯಿಂದ ಓದತೊಡಗಿದರು. ಮೀಸೆಯ ತುದಿ ಗದೆಯ ಹಾಗೆ, ಹೌದು. ಮೈಮೇಲೆ ಹುರುಪೆ, ಹೌದು. ತಲೆಯ ನಡುವೆ ಒಂದೇ ಒಂಟಿಗಣ್ಣು, ಹೌದು. ಪ್ರತಿ ಕವಲಿನಲ್ಲೂ ಗಟ್ಟಿಯಾಗಿ ಹೌದು ಎನ್ನುತ್ತಿದ್ದರು. ಎಲ್ಲಿಯೂ ತಡೆಯಲಿಲ್ಲ.

"ಇದೂ ಜೀರುಂಡೇನೇ ಮೇಡಂ," ಎಂದರು.

ಚಪ್ಪಲಿ ಬಿಟ್ಟರು. ಹುಳವನ್ನು ಔಷಧಿಯ ಬಾಟಲಿಗೆ ಜಾರಿಸಿ ನಿಂತರು. ಆಮೇಲೆ ಖಾಲಿಯಾಗಿದ್ದ ಒಂದು ಮುಮ್ಮೂಲೆ ಕಾಗದಕ್ಕೆ ಅದನ್ನು ಅಂಟಿಸಿ, ಹೊಸ ಚೀಟಿ ಬರೆದರು. ಊರು: ಮೊಳಕಾಲ್ಮೂರು, ಮನೆಯೊಳಗೆ. ಆಹಾರ: ಒಣಗಿದ ಎಲೆಜೀರುಂಡೆ. ಅಕ್ಷರ ಎಂದಿನ ಅಕ್ಷರವೇ. ಗಂಟೆ ಹೊಡೆಯಿತು, ಪಾಠಕ್ಕೆ ಹೋದರು. ಸಂಜೆ ಅವರು ಬಸ್ಸಿಗೆ ಹೋದ ಮೇಲೆ ಮೇಜಿನ ಕೆಳಗೆ ನೋಡಿದರೆ ಚಪ್ಪಲಿ ಜೋಡಿಸಿಟ್ಟ ಹಾಗೇ ಇದ್ದವು. ಇಡೀ ದಿನ ಬರಿಗಾಲಲ್ಲಿ ಓಡಾಡಿ, ಬರಿಗಾಲಲ್ಲೇ ಮೊಳಕಾಲ್ಮೂರಿಗೆ ಹೋಗಿದ್ದರು.

ಮನೆಯಲ್ಲಿ, ಹುಳ ಬಿದ್ದು ಹೋಯಿತು ಎಂದಷ್ಟೇ ಹೇಳಿದರಂತೆ. ಪೋನೀ, ಮುಂದಿನ ಮಳೆಗೆ ಸಿಕ್ತಾವೆ ಎಂದರಂತೆ ಅಕ್ಕ.

ಮುಂದಿನ ಮಳೆ ಸರಿಯಾಗಿ ಆಗಲಿಲ್ಲ. ಅದರ ಮುಂದಿನ ವರ್ಷ ಆಯಿತು, ವಿಷ್ಣುಕ್ರಾಂತಿ ಹೂವನ್ನೂ ಬಿಟ್ಟಿತು. ಅವರು ಇಳಿಜಾರನ್ನು ಎಂದಿನಂತೆ ತೆವಳಿದರು. ಈ ಹುಳ ತಿಂದ ಎಲೆಯಲ್ಲಿ ಸೂಜಿಮೊನೆಯಷ್ಟು ದುಂಡು ತೂತುಗಳಿರುತ್ತವೆ. ಆ ವರ್ಷದ ಎಲೆಗಳೆಲ್ಲ ಇಡಿಯಾಗಿದ್ದವು. ಆಮೇಲೆ ಗುಡ್ಡದ ಒಂದು ಮಗ್ಗುಲನ್ನು ಜಲ್ಲಿಗೆ ಒಡೆದರು. ಉಳಿದ ಮಗ್ಗುಲಿಗೆ ಅವರು ಹೋಗುವುದನ್ನು ಬಿಡಲಿಲ್ಲ. ತೀರಿಕೊಳ್ಳುವ ಹಿಂದಿನ ಮಳೆಗಾಲದ ತನಕ ಪ್ರತಿ ವರ್ಷ ಹೋಗಿದ್ದರು. ಬಂದು ನನ್ನ ಕಡೆ ನೋಡಿ ಹೇಳುತ್ತಿದ್ದದ್ದು ಒಂದೇ ಮಾತು. ಕಾಣಲಿಲ್ಲ.

ನಿವೃತ್ತಿಗೆ ಸ್ವಲ್ಪ ಕಾಲ ಉಳಿದಿತ್ತು. ಒಂದು ಬೆಳಿಗ್ಗೆ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದವರು ಹಾಗೇ ಕುಸಿದರು. ಹೃದಯಾಘಾತ. ಉಸಿರಿನ ಕಾಯಿಲೆ ಇದ್ದದ್ದು ಅಕ್ಕನಿಗೆ, ಹೋದದ್ದು ಇವರು.

ಕರ್ಮಗಳೆಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ನಾನು ಹೋದೆ. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಗೆ ಬಿಳಿ ಬಟ್ಟೆ ಹೊದಿಸಿತ್ತು. ಅಕ್ಕ ನೀರು ಕೊಟ್ಟು, ಎದುರು ಕೂತರು.

"ಮೇಡಮ್ಮೋರೆ, ಒಂದು ಕೇಳ್ತೀನಿ. ಆ ಗುಳಿಗೆ ಅವರೇ ತೆಗೆದಿದ್ದು, ಅಲ್ವಾ?"

ನಾನು ಆಗಲಿ ಎಂದು ಕೊಟ್ಟ ಮಾತು ಇತ್ತು. ಮಾತು ತೆಗೆದುಕೊಂಡವರು ಇರಲಿಲ್ಲ. ಕೈಯಲ್ಲಿದ್ದ ನೀರಿನ ಲೋಟವನ್ನು ಕೆಳಗಿಟ್ಟೆ.

"ಹೇಳೋದು ಬ್ಯಾಡ ಬಿಡ್ರಿ. ರೇಷ್ಮೆ ಮನೇಲಿ ಹುಟ್ಟಿದೋಳು, ಗುಳಿಗೆ ವಾಸನೆ ನಿಂತಿದ್ದು ಗೊತ್ತಾಗಲ್ವಾ ನನಗೆ? ಅವತ್ತೇ ಗೊತ್ತಾತು. ಹಾಕ್ರಿ ವಾಪಸ್ಸು ಅಂತ ಹೇಳಬೇಕು ಅಂದ್ಕಂಡೆ. ನಾಳೆ ಹೇಳಾಣ, ನಾಳೆ ಹೇಳಾಣ ಅಂತ ಸುಮ್ನಾದೆ. ಎಷ್ಟೋ ದಿನ ಆದಮ್ಯಾಲೆ ಬೆನ್ನು ಚಾಚಿ ಮಲಗಿದ್ದೆ. ಉಸಿರು ಸಲೀಸಾಗಿ ಬರ್ತಿತ್ತು. ಚೆನ್ನಾಗಿತ್ತು ಮೇಡಮ್ಮೋರೆ."

ಚೆನ್ನಾಗಿತ್ತು ಎನ್ನುವ ಮಾತನ್ನು ಅವರು ಕದ್ದ ಒಡವೆಯನ್ನು ಮುಂದಿಡುವಂತೆ ಹೇಳಿದರು. ಗುಳಿಗೆ ಇದ್ದಿದ್ದರೂ ಆಸ್ಪತ್ರೆಯ ಆ ದಿನಗಳಲ್ಲಿ ಕರಗಿಹೋಗುತ್ತಿತ್ತು, ಹುಳ ಹೇಗೂ ಬೀಳುತ್ತಿತ್ತು ಎಂದು ನಾನು ಸಮಾಧಾನ ಹೇಳಬಹುದಿತ್ತು. ಅದು ನಿಜವೇ ಎಂದು ನನಗೆ ಗೊತ್ತಿರಲಿಲ್ಲ. ಮೇಷ್ಟ್ರ ಮನೆಯಲ್ಲಿ ಕೂತು, ಗೊತ್ತಿಲ್ಲದ್ದನ್ನು ಹೇಳಲು ಬಾಯಿ ಬರಲಿಲ್ಲ. ಹುಳಕ್ಕೆ ಏನು ಹೆಸರು ಇಡಬೇಕು ಅಂತಿದ್ರು, ನಿಮಗಾದ್ರೂ ಹೇಳಿದ್ರಾ ಎಂದು ಅಕ್ಕ ಕೇಳಿದರು. ನನಗೂ ಹೇಳಿರಲಿಲ್ಲ. ಹೆಸರು ಕೊನೆಗೆ.

ಈ ಸಲದ ಮಳೆ ಬಿದ್ದ ಮೇಲೆ ಅಕ್ಕ ತಾವಾಗಿ ಹೇಳಿಕಳಿಸಿದರು. ಇಬ್ಬರೂ ದೇವಸಮುದ್ರದ ಬಸ್ಸು ಹತ್ತಿ ಗುಡ್ಡದ ಹತ್ತಿರ ಇಳಿದೆವು. ಸೆರಗು ಸಿಕ್ಕಿಸಿ, ಉಸಿರಿಗೆ ಎಳೆದುಕೊಳ್ಳುವ ಔಷಧಿಯನ್ನು ಸೊಂಟಕ್ಕೆ ಸೇರಿಸಿಕೊಂಡು, ಅಕ್ಕ ನೆಲಕ್ಕೆ ಕೂತು ಎಲೆ ತಿರುವತೊಡಗಿದರು. ಕಡಿದ ನೂಲಿನ ತುದಿ ಹುಡುಕುವ ಬೆರಳು ಅವು. ನಾನು ಮೇಲಿನಿಂದ ಬಂದೆ, ಅವರು ಕೆಳಗಿನಿಂದ. ನಡುವೆ ಸೇರುವ ಹೊತ್ತಿಗೆ ಅವರ ಎದೆಯ ಸಿಳ್ಳೆ ನನಗೆ ಕೇಳುತ್ತಿತ್ತು. ಹೂ ತುಂಬ ಇತ್ತು. ಎಲೆಗಳಲ್ಲಿ ಒಂದೂ ತೂತು ಕಾಣಲಿಲ್ಲ. ಬಂಡೆಯ ಮೇಲೆ ಕೂತೆವು.

ಕುರಿಯ ಮುದುಕ ನಮ್ಮನ್ನು ದೂರದಿಂದ ನೋಡುತ್ತಿದ್ದವನು ಹತ್ತಿರ ಬಂದ. ನನ್ನ ಗುರುತು ಹಿಡಿದ. ಸಾ ಎಲ್ಲಿ, ಈ ಸಲ ಬರಲಿಲ್ಲವಲ್ಲ ಎಂದ. ನಾನು ಹೇಳಿದೆ. ಅವನು ಕಂಬಳಿಯನ್ನು ಹೆಗಲಿನಿಂದ ಇಳಿಸಿ ಕೈಯಲ್ಲಿ ಹಿಡಿದುಕೊಂಡ. ಆಮೇಲೆ, ತಮಾಷೆಯಿಲ್ಲದೆ, ಕೇಳಿದ.

"ಹಂಗಾದ್ರೆ ಕೊನೀಗೂ ಸಿಗ್ಲಿಲ್ವಾ ಆವಯ್ಯಂಗೆ?"

ಇಲ್ಲ ಎನ್ನಲು ನಾನು ಬಾಯಿ ತೆರೆದೆ. ಅಕ್ಕ ಕೈಯೆತ್ತಿ ನನ್ನನ್ನು ತಡೆದರು. ಉಸಿರು ಸಿಕ್ಕುವ ತನಕ ಆ ಕೈಯನ್ನು ಹಾಗೇ ಹಿಡಿದಿದ್ದರು.

"ಸಿಕ್ಕಿತ್ತು ಕಣಪ್ಪಾ," ಎಂದರು. "ನಾನು ನೋಡಿದೀನಿ. ಜೀವ ಇತ್ತು. ಜರಿ ಅದರ ಮುಂದೆ ಏನೂ ಅಲ್ಲ."